ಒಂದೇ ಫೈಲ್, ನಾಲ್ಕು ಅಳತೆ: ಹಳೆಯ ಬೈನರಿ ದಾಖಲೆಗಳನ್ನು ಹೊಸ ಕಂಪೈಲರ್‌ಗಳಲ್ಲಿ ಓದಿಸಿದ ಪ್ರಕರಣ

ಈ ಪ್ರಕರಣಕ್ಕೆ ಕಾರಣವಾದದ್ದು 43,824 ಬೈಟುಗಳ ಒಂದು ಚಿಕ್ಕ ಬೈನರಿ ಫೈಲ್. ಉಷ್ಣಾಂಶ ಅಳೆಯುವ ಕೇಂದ್ರವೊಂದರ ದೈನಂದಿನ ದಾಖಲೆಗಳನ್ನು 1991ರ ಜನವರಿ 1ರಿಂದ 1995ರ ಡಿಸೆಂಬರ್ 31ರವರೆಗೆ, ಡಾಸ್ ಎಂಬ ಹಳೆಯ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ನಡೆಯುತ್ತಿದ್ದ ಒಂದು ಪ್ರೋಗ್ರಾಂ ಈ ಫೈಲಿನಲ್ಲಿ ಬರೆದಿಟ್ಟಿತ್ತು. ನಡುವೆ 1992 ಅಧಿಕ ವರ್ಷವಾದ್ದರಿಂದ ಒಟ್ಟು 1,826 ದಿನಗಳು, ಅಷ್ಟೇ ದಾಖಲೆಗಳು. ಬರೆದ ಪ್ರೋಗ್ರಾಂ ಟರ್ಬೊ ಸಿ ಎಂಬ ಸಿ ಭಾಷೆಯ ಕಂಪೈಲರ್‌ನಲ್ಲಿ (ಮೂಲ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಸಾಧನದಲ್ಲಿ) ಕಂಪೈಲ್ ಆದದ್ದು. ಅದರ ಮೂಲ ಕೋಡ್ ಪೂರ್ತಿ ಸಿಗದಿದ್ದರೂ, ದಾಖಲೆಯ ಸ್ಟ್ರಕ್ಚರನ್ನು, ಅಂದರೆ ಅದರ ಅಂಶಗಳ ಪಟ್ಟಿಯನ್ನು, ಘೋಷಿಸಿದ್ದ ಹೆಡರ್ ಫೈಲ್ ಮಾತ್ರ ಉಳಿದಿತ್ತು. ಆ ಘೋಷಣೆಯನ್ನು ಒಂದಕ್ಷರವೂ ಬದಲಿಸದೆ ಹೊಸ ಪ್ರೋಗ್ರಾಂಗೆ ಸೇರಿಸಿ, 64 ಬಿಟ್ ಲಿನಕ್ಸ್‌ನಲ್ಲಿ ಜಿಸಿಸಿ ಎಂಬ ಕಂಪೈಲರ್‌ನಿಂದಲೂ, 64 ಬಿಟ್ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಕಂಪೈಲರ್‌ನಿಂದಲೂ ಕಂಪೈಲ್ ಮಾಡಲಾಯಿತು. ಎರಡೂ ಕಡೆ ಒಂದು ಎಚ್ಚರಿಕೆಯೂ ಬರಲಿಲ್ಲ. ಎರಡೂ ಕಡೆ ಬಂದ ಫಲಿತಾಂಶ ಮಾತ್ರ ತಪ್ಪಾಗಿತ್ತು, ಅದೂ ಬೇರೆ ಬೇರೆ ಬಗೆಯಲ್ಲಿ.

ಸ್ಟ್ರಕ್ಚರ್‌ನಲ್ಲಿ ಆರು ಅಂಶಗಳಿದ್ದವು (ಚಾರ್ ಎಂದರೆ ಒಂದು ಬೈಟಿನ ಅಕ್ಷರ, ಇಂಟ್ ಮತ್ತು ಲಾಂಗ್ ಪೂರ್ಣಾಂಕಗಳು, ಫ್ಲೋಟ್ ಮತ್ತು ಡಬಲ್ ದಶಾಂಶ ಸಂಖ್ಯೆಗಳು): ಕೇಂದ್ರದ ಸಂಕೇತಕ್ಕೆ ಐದು ಚಾರ್‌ಗಳ ಸಾಲು, ಆ ದಿನ ತೆಗೆದ ಅಳತೆಗಳ ಎಣಿಕೆಗೆ ಒಂದು ಇಂಟ್, ದಿನ ಆರಂಭವಾದ ಸಮಯವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಲ್ಲಿ ಹಿಡಿದಿಡಲು ಒಂದು ಲಾಂಗ್, ಗರಿಷ್ಠ ಉಷ್ಣಾಂಶಕ್ಕೆ ಒಂದು ಫ್ಲೋಟ್, ದಿನದ ಎಲ್ಲ ಅಳತೆಗಳ ಮೊತ್ತಕ್ಕೆ ಒಂದು ಡಬಲ್, ಕೊನೆಯಲ್ಲಿ ಸ್ಥಿತಿ ಸೂಚಿಸುವ ಒಂದು ಚಾರ್. ಉಪಕರಣ ಗಂಟೆಗೊಮ್ಮೆ, ಅರ್ಧ ಡಿಗ್ರಿಯ ಮೆಟ್ಟಿಲುಗಳಲ್ಲಿ ಅಳೆಯುತ್ತಿತ್ತು. ಈ ಅರ್ಧ ಡಿಗ್ರಿಯ ವಿಷಯ ಮುಂದೆ ಉಪಯೋಗಕ್ಕೆ ಬರುತ್ತದೆ.

ಲಕ್ಷಣಗಳು

ಲಿನಕ್ಸ್‌ನಲ್ಲಿ ಪ್ರೋಗ್ರಾಂ 914 ಸಾಲುಗಳನ್ನು ಮುದ್ರಿಸಿ, ಯಾವ ದೋಷವನ್ನೂ ವರದಿ ಮಾಡದೆ ಮುಗಿಯಿತು. ಪ್ರತಿ ಸಾಲಿನಲ್ಲೂ ಕೇಂದ್ರದ ಸಂಕೇತ 1042 ಎಂದು ಸರಿಯಾಗಿಯೇ ಇತ್ತು. ಎಣಿಕೆಯ ಜಾಗದಲ್ಲಿ 24ರ ಬದಲು 2588625, ನಂತರದ ಸಾಲಿನಲ್ಲಿ 2589300, ಅದರ ನಂತರ 2589975 ಎಂಬಂಥ ಸಂಖ್ಯೆಗಳಿದ್ದವು. ಗರಿಷ್ಠ ಉಷ್ಣಾಂಶ ಎಲ್ಲೆಡೆ 0.0, ಮೊತ್ತವೂ 0.0. ಸಮಯದ ಕಾಲಮ್ಮಿನ ಮೊದಲ ಸಂಖ್ಯೆಯನ್ನು ವರ್ಷಕ್ಕೆ ಪರಿವರ್ತಿಸಿದರೆ 280 ಕೋಟಿ ವರ್ಷಗಳಿಗೂ ಮೀರುತ್ತಿತ್ತು. ಕೊನೆಯ ಎರಡು ಸಾಲುಗಳು ಒಂದರ ಪಡಿಯಚ್ಚು ಇನ್ನೊಂದು.

ವಿಂಡೋಸ್‌ನಲ್ಲಿ 43 ಸಾಲುಗಳಷ್ಟೇ ಬಂದವು. ಸಂಕೇತ ಮೊದಲ ಸಾಲಿನಲ್ಲಿ ಸರಿಯಿತ್ತು, ಮುಂದಿನ ಎರಡರಲ್ಲಿ ಕಸ, ನಾಲ್ಕನೆಯದರಲ್ಲಿ ಮತ್ತೆ ಸರಿ, ಹೀಗೆ ಮೂರಕ್ಕೊಂದರಂತೆ. ಮೊದಲ ಸಾಲಿನ ದಿನಾಂಕ 1970ರ ಫೆಬ್ರುವರಿ 19 ಎಂದು ತೋರಿತು.

ಇಂಥ ಸಂದರ್ಭದಲ್ಲಿ ಮೊದಲು ಬರುವ ಅನುಮಾನಗಳು ಎರಡು: ನಕಲು ಮಾಡುವಾಗ ಫೈಲ್ ಕೆಟ್ಟಿದೆ, ಇಲ್ಲವೇ ಬೈಟುಗಳ ಕ್ರಮ ತಿರುವುಮುರುವಾಗಿದೆ. ಎರಡನೆಯದನ್ನು ತಳ್ಳಿಹಾಕುವುದು ಸುಲಭವಾಗಿತ್ತು. ಬರೆದ ಯಂತ್ರವೂ ಓದುವ ಯಂತ್ರಗಳೂ ಇಂಟೆಲ್ ವಂಶದವೇ ಆದ್ದರಿಂದ, ಎಲ್ಲೆಡೆ ಸಂಖ್ಯೆಯ ಕಿರಿಯ ಬೈಟ್ ಮೊದಲು ಬರುವ ಕ್ರಮವೇ ಇರುತ್ತದೆ. ಮೊದಲನೆಯದಕ್ಕೆ ಫೈಲಿನ ಗಾತ್ರವೇ ಸಾಕ್ಷಿಯಾಯಿತು. ಟರ್ಬೊ ಸಿಯಲ್ಲಿ ಇಂಟ್ 2 ಬೈಟ್, ಲಾಂಗ್ ಮತ್ತು ಫ್ಲೋಟ್ ತಲಾ 4, ಡಬಲ್ 8. ಸಂಕೇತದ 5 ಮತ್ತು ಕೊನೆಯ 1 ಸೇರಿದರೆ 24. 43,824ನ್ನು 24ರಿಂದ ಭಾಗಿಸಿದರೆ ಶೇಷವಿಲ್ಲದೆ 1,826 ಬರುತ್ತದೆ. ಟರ್ಬೊ ಸಿಯಲ್ಲಿ ಅಂಶಗಳನ್ನು ಸಮ ವಿಳಾಸಗಳಿಗೆ ಹೊಂದಿಸುವ ಆಯ್ಕೆಯೂ ಇತ್ತು. ಅದನ್ನು ಬಳಸಿದ್ದರೆ ದಾಖಲೆ 26 ಬೈಟ್ ಆಗುತ್ತಿತ್ತು, ಆಗ ಭಾಗಾಕಾರ ಸರಿಹೊಂದುತ್ತಿರಲಿಲ್ಲ. ಹಾಗಾಗಿ ಫೈಲ್ ಕೆಟ್ಟಿಲ್ಲ, ಪೂರ್ಣವಾಗಿದೆ, ದಾಖಲೆಗಳ ನಡುವೆ ಒಂದು ಬೈಟೂ ಹೆಚ್ಚುವರಿ ಇಲ್ಲ ಎಂದು ಕೋಡ್ ಮುಟ್ಟುವ ಮೊದಲೇ ಹೇಳಲು ಸಾಧ್ಯವಾಯಿತು. ಬೈನರಿ ಫೈಲಿನ ತೊಂದರೆಯಲ್ಲಿ ಡಿಬಗ್ಗರ್ ತೆರೆಯುವುದಕ್ಕಿಂತ ಮುಂಚೆ ಈ ಭಾಗಾಕಾರ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

675 ಎಂಬ ಸುಳಿವು

ಲಿನಕ್ಸ್ ಫಲಿತಾಂಶದಲ್ಲಿ ಕಸದಂತೆ ಕಂಡ ಎಣಿಕೆಯ ಕಾಲಮ್ಮಿಗೆ ಒಂದು ಶಿಸ್ತಿತ್ತು: ಪ್ರತಿ ಸಾಲಿನಲ್ಲೂ ಅದು ತಪ್ಪದೆ 675ರಷ್ಟು ಏರುತ್ತಿತ್ತು. ಹಾಳಾದ ಮಾಹಿತಿ ಹೀಗೆ ಕ್ರಮವಾಗಿ ಏರುವುದಿಲ್ಲ. ಏರುವ ಸ್ವಭಾವವಿರುವುದು ಸಮಯಕ್ಕೆ ಮಾತ್ರ. 675ನ್ನು 256ರಿಂದ ಗುಣಿಸಿದರೆ 1,72,800 ಬರುತ್ತದೆ. ಅದು ಎರಡು ದಿನಗಳ ಸೆಕೆಂಡುಗಳು. ಮೊದಲ ಸಾಲಿನ 2588625ನ್ನು 256ರಿಂದ ಗುಣಿಸಿದರೆ 66,26,88,000. ಅದು 1991ರ ಜನವರಿ 1ರ ಆರಂಭ. ಅಂದರೆ ಪ್ರೋಗ್ರಾಂ ಸಮಯದ ಅಂಶವನ್ನೇ ಒಂದು ಬೈಟ್ ತಡವಾಗಿ ಓದಿ ಎಣಿಕೆಯೆಂದು ತೋರಿಸುತ್ತಿದೆ, ಜೊತೆಗೆ ಒಂದು ದಿನ ಬಿಟ್ಟು ಒಂದು ದಿನದ ದಾಖಲೆಯನ್ನಷ್ಟೇ ನೋಡುತ್ತಿದೆ. ಎರಡು ದೋಷಗಳ ಪ್ರಮಾಣವೂ ಈ ಒಂದೇ ಸಂಖ್ಯೆಯೊಳಗೆ ಅಡಗಿತ್ತು.

ಇದನ್ನು ದೃಢಪಡಿಸಿಕೊಳ್ಳಲು ಫೈಲಿನ ಮೊದಲ 24 ಬೈಟುಗಳನ್ನು ದಶಮಾನ ಅಂಕಿಗಳಲ್ಲಿ ತೆಗೆಯಲಾಯಿತು. ಅವು ಹೀಗಿದ್ದವು: 49 48 52 50 0, ನಂತರ 24 0, ನಂತರ 0 209 127 39, ನಂತರ 0 0 188 65, ನಂತರ 0 0 0 0 0 64 125 64, ಕೊನೆಯಲ್ಲಿ 1. ಮೊದಲ ಐದು ಬೈಟುಗಳು 1042 ಎಂಬ ಅಕ್ಷರಗಳು ಮತ್ತು ಅಂತ್ಯಸೂಚಕ ಸೊನ್ನೆ. 24 0 ಎಂಬುದು ಎರಡು ಬೈಟುಗಳ 24. ಮುಂದಿನ ನಾಲ್ಕು ಸಮಯ. 0 0 188 65 ಎಂಬುದು 23.5 ಡಿಗ್ರಿ, ಮುಂದಿನ ಎಂಟು 468.0, 24 ಅಳತೆಗಳಿಗೆ ಹಂಚಿದರೆ ಸರಾಸರಿ 19.5, ಗರಿಷ್ಠಕ್ಕಿಂತ ಕಡಿಮೆ, ನಂಬಬಹುದಾದ ಸಂಖ್ಯೆ. ಸೊನ್ನೆಯಿಂದ ಎಣಿಸಿದರೆ ಸಮಯ ಆರಂಭವಾಗುವುದು 7ನೆಯ ಬೈಟಿನಲ್ಲಿ. ಜಿಸಿಸಿ ಎಣಿಕೆಯನ್ನು ಹುಡುಕಿದ್ದು 8ರಿಂದ 11ರವರೆಗಿನ ಬೈಟುಗಳಲ್ಲಿ, ಅಂದರೆ 209 127 39 0. ಆ ಕೊನೆಯ ಸೊನ್ನೆ ಗರಿಷ್ಠ ಉಷ್ಣಾಂಶದ ಕಿರಿಯ ಬೈಟ್. ಅರ್ಧ ಡಿಗ್ರಿಯ ಮೆಟ್ಟಿಲುಗಳಲ್ಲಿರುವ ಫ್ಲೋಟ್ ಸಂಖ್ಯೆಗೆ ಕಿರಿಯ ಬೈಟುಗಳ ಅಗತ್ಯವೇ ಬೀಳದ ಕಾರಣ ಅದು ಎಂದೂ ಸೊನ್ನೆಯಾಗಿಯೇ ಉಳಿಯಿತು, 675ರ ಏರಿಕೆಯೂ ಕೆಡಲಿಲ್ಲ. ಉಪಕರಣ ನೂರನೇ ಒಂದು ಡಿಗ್ರಿಯವರೆಗೆ ಅಳೆಯುತ್ತಿದ್ದರೆ ಆ ಕಾಲಮ್ ನಿಜಕ್ಕೂ ಕಸವಾಗಿಯೇ ಕಾಣುತ್ತಿತ್ತು, ಸುಳಿವು ಸಿಗುತ್ತಿರಲಿಲ್ಲ.

ಒಂದೇ ಘೋಷಣೆ, ಬೇರೆ ಬೇರೆ ವಿನ್ಯಾಸ

ಸ್ಟ್ರಕ್ಚರ್‌ನ ಅಂಶಗಳು ಯಾವ ಕ್ರಮದಲ್ಲಿರಬೇಕು ಎಂಬುದನ್ನು ಸಿ ಭಾಷೆ ನಿಗದಿಪಡಿಸುತ್ತದೆ. ಅವುಗಳ ನಡುವೆ ಎಷ್ಟು ಖಾಲಿ ಜಾಗ ಬಿಡಬೇಕು, ಇಂಟ್ ಮತ್ತು ಲಾಂಗ್ ಎಷ್ಟು ಬೈಟ್ ಆಗಬೇಕು ಎಂಬುದನ್ನು ಆಯಾ ವೇದಿಕೆಗೆ ಬಿಟ್ಟುಕೊಡುತ್ತದೆ. 64 ಬಿಟ್ ಲಿನಕ್ಸ್‌ನಲ್ಲಿ ಇಂಟ್ 4 ಬೈಟ್, ಲಾಂಗ್ 8 ಬೈಟ್, ಪ್ರತಿ ಅಂಶವೂ ತನ್ನ ಗಾತ್ರದಿಂದ ಭಾಗವಾಗುವ ಜಾಗದಲ್ಲಿ ಕೂರಬೇಕು. ಆದ್ದರಿಂದ ಐದು ಬೈಟುಗಳ ಸಂಕೇತದ ನಂತರ 3 ಬೈಟ್ ಪ್ಯಾಡಿಂಗ್ (ಖಾಲಿ ಜಾಗ), 8ರಲ್ಲಿ ಎಣಿಕೆ, ಮತ್ತೆ 4 ಬೈಟ್ ಪ್ಯಾಡಿಂಗ್, 16ರಲ್ಲಿ ಸಮಯ, 24ರಲ್ಲಿ ಫ್ಲೋಟ್, ಮತ್ತೆ 4 ಖಾಲಿ, 32ರಲ್ಲಿ ಡಬಲ್, 40ರಲ್ಲಿ ಕೊನೆಯ ಚಾರ್, ಒಟ್ಟು ಗಾತ್ರ 8ರಿಂದ ಭಾಗವಾಗಲೆಂದು ಕೊನೆಗೆ 7 ಖಾಲಿ: ಒಟ್ಟು 48.

48 ಎಂದರೆ ಸರಿಯಾಗಿ 24ರ ಎರಡರಷ್ಟು. ಪ್ರೋಗ್ರಾಂ ಪ್ರತಿ ಬಾರಿಯೂ ಎರಡೆರಡು ದಾಖಲೆಗಳನ್ನು ನುಂಗಿ, ಮೊದಲನೆಯದರ ಸಂಕೇತವನ್ನು ಸರಿಯಾಗಿ ತೋರಿಸಿ, ಉಳಿದುದನ್ನು ಕಲಸುಮೇಲೋಗರ ಮಾಡುತ್ತಿತ್ತು. ದಾಖಲೆಗಳ ಸಂಖ್ಯೆ ಸಮವಾಗಿದ್ದರಿಂದ ಕೊನೆಯಲ್ಲಿ ಅರೆಬರೆ ಓದು ಕೂಡ ಆಗಲಿಲ್ಲ. ಸೊನ್ನೆಯಂತೆ ಕಂಡ ಉಷ್ಣಾಂಶಗಳೂ ನಿಜವಾಗಿ ಸೊನ್ನೆಯಲ್ಲ. ಗರಿಷ್ಠ ಉಷ್ಣಾಂಶವೆಂದು ಓದಿದ್ದು ಮುಂದಿನ ದಾಖಲೆಯ 1042 ಎಂಬ ನಾಲ್ಕು ಅಕ್ಷರಗಳನ್ನು. ಫ್ಲೋಟ್ ಆಗಿ ಅದರ ಬೆಲೆ ಒಂದರ ಹತ್ತು ಕೋಟಿಯ ಭಾಗದಷ್ಟು. ಮೊತ್ತವಾದರೋ ದಶಾಂಶ ಬಿಂದುವಿನ ನಂತರ ಮುನ್ನೂರಕ್ಕೂ ಹೆಚ್ಚು ಸೊನ್ನೆಗಳಿರುವಷ್ಟು ಸಣ್ಣದು. ಒಂದೇ ದಶಾಂಶ ಸ್ಥಾನಕ್ಕೆ ಮುದ್ರಿಸಿದ್ದರಿಂದ ಎರಡೂ 0.0 ಆದವು, ಉಪಕರಣವೇ ಸೊನ್ನೆ ಕಳಿಸಿದೆಯೇನೋ ಎಂಬ ಭ್ರಮೆ ಹುಟ್ಟಿಸಿದವು. ಶೋಧನೆಯ ಹಂತದಲ್ಲಿ ಸಂಖ್ಯೆಗಳನ್ನು ಘಾತ ರೂಪದಲ್ಲಿ ಮುದ್ರಿಸಿದರೆ ಇಂಥ ಸುಳ್ಳು ಸೊನ್ನೆಗಳು ತಕ್ಷಣ ಬಯಲಾಗುತ್ತವೆ.

64 ಬಿಟ್ ವಿಂಡೋಸ್‌ನಲ್ಲಿ ಲಾಂಗ್ 4 ಬೈಟ್‌ಗೇ ಉಳಿದಿದೆ. ಅಲ್ಲಿ ಸಮಯ 12ರಲ್ಲಿ, ಫ್ಲೋಟ್ 16ರಲ್ಲಿ, ಡಬಲ್ 24ರಲ್ಲಿ, ಕೊನೆಯ ಚಾರ್ 32ರಲ್ಲಿ ಕೂತು ಒಟ್ಟು 40 ಬೈಟ್ ಆಗುತ್ತದೆ. 40 ಮತ್ತು 24 ಮೊದಲು ಸೇರುವುದು 120ರಲ್ಲಿ. ಮೂರು ಸಾಲಿಗೊಮ್ಮೆ ಸಂಕೇತ ಸರಿಯಾಗುತ್ತಿದ್ದುದರ ಗುಟ್ಟು ಇದೇ. ಅದೇ ವಿಂಡೋಸ್‌ನಲ್ಲಿ ಮಿನ್‌ಜಿಡಬ್ಲ್ಯು ಎಂಬ ವಿಂಡೋಸ್ ರೂಪದ ಮೂಲಕ ಜಿಸಿಸಿಯನ್ನೇ ಬಳಸಿದರೂ 40 ಬರುತ್ತದೆ. 32 ಬಿಟ್ ಲಿನಕ್ಸ್‌ನ ಜಿಸಿಸಿ ಸ್ಟ್ರಕ್ಚರ್ ಒಳಗಿನ ಡಬಲ್ಲನ್ನು 4ರಿಂದ ಭಾಗವಾಗುವ ಜಾಗದಲ್ಲಿಟ್ಟು 32 ಎನ್ನುತ್ತದೆ. ಹೀಗೆ ಒಂದೇ ಘೋಷಣೆಗೆ ನಾಲ್ಕು ಪರಿಸರಗಳಲ್ಲಿ 24, 32, 40, 48 ಎಂಬ ನಾಲ್ಕು ಉತ್ತರಗಳು. ತಪ್ಪು ಯಾವ ಕಂಪೈಲರ್‌ನದೂ ಅಲ್ಲ. ಜಿಸಿಸಿ ಒಂದೇ ಮೂರು ಉತ್ತರ ಕೊಟ್ಟಿರುವುದನ್ನು ನೋಡಿದರೆ, ಕಂಪೈಲರ್‌ನ ಹೆಸರಿಗಿಂತ ಅದು ಯಾವ ವೇದಿಕೆಗಾಗಿ ಕೋಡ್ ತಯಾರಿಸುತ್ತಿದೆ ಎಂಬುದೇ ಇಲ್ಲಿ ನಿರ್ಣಾಯಕ ಎಂಬುದು ಸ್ಪಷ್ಟ.

ಮೊದಲ ಪರಿಹಾರ, ಮತ್ತು ವಿಂಡೋಸ್‌ನಲ್ಲಿ ಉಳಿದ ಒಗಟು

ಮೊದಲ ಹಂತದಲ್ಲಿ ಇಂಟ್ ಮತ್ತು ಲಾಂಗ್ ತೆಗೆದು, ಸಿ ಭಾಷೆಯ ಸಿ99 ಮಾನಕ ಒದಗಿಸಿದ 16 ಮತ್ತು 32 ಬಿಟ್‌ಗಳ ನಿಶ್ಚಿತ ಗಾತ್ರದ ಪ್ರಕಾರಗಳನ್ನು ಹಾಕಿ, ಕಂಪೈಲರ್‌ಗೆ ಕೊಡುವ ಪ್ಯಾಕ್ ಪ್ರಾಗ್ಮಾ ಎಂಬ ಸೂಚನೆಯಿಂದ ಪ್ಯಾಡಿಂಗ್ ನಿಲ್ಲಿಸಲಾಯಿತು. ಈ ಪ್ರಾಗ್ಮಾ ಮೂಲತಃ ಮಾನಕದ ಭಾಗವಲ್ಲದಿದ್ದರೂ ಎರಡೂ ಕಂಪೈಲರ್‌ಗಳು ಅದನ್ನು ಒಪ್ಪುತ್ತವೆ. ಜೊತೆಗೆ, ಸ್ಟ್ರಕ್ಚರ್‌ನ ಗಾತ್ರ 24 ಆಗದಿದ್ದರೆ ಕಂಪೈಲ್ ಆಗದಂತೆ ನಂತರದ ಸಿ11 ಮಾನಕದ ಸ್ಟಾಟಿಕ್ ಅಸರ್ಟ್ ಎಂಬ ಪರೀಕ್ಷೆಯೊಂದನ್ನು ಸೇರಿಸಲಾಯಿತು. ಲಿನಕ್ಸ್‌ನಲ್ಲಿ 1,826 ದಾಖಲೆಗಳೂ ಸರಿಯಾಗಿ ಬಂದವು, ಕೊನೆಯ ದಾಖಲೆಯ ಪುನರಾವರ್ತನೆಯೊಂದು ಮಾತ್ರ ಹೆಚ್ಚುವರಿ.

ವಿಂಡೋಸ್‌ನಲ್ಲಿ ಸ್ಟ್ರಕ್ಚರ್‌ನ ಗಾತ್ರ 24 ಆಗಿತ್ತು, ಅಂಕಿಗಳೂ ಸರಿಯಾಗಿದ್ದವು. ಆದರೆ 71 ಸಾಲುಗಳಿಗೆ ಓದು ನಿಂತಿತು. ಮೊದಲ 70 ಸಾಲುಗಳು 1991ರ ಮಾರ್ಚ್ 11ರವರೆಗೆ ನಿರ್ದೋಷವಾಗಿದ್ದವು. 71ನೆಯದು ಮಾರ್ಚ್ 12ರ ಆರಂಭವನ್ನು ತೋರಿಸುವ ಬದಲು ಮಾರ್ಚ್ 10ರ ರಾತ್ರಿ 11 ಗಂಟೆ 57 ನಿಮಿಷ 52 ಸೆಕೆಂಡು ಎಂದಿತು, ಉಷ್ಣಾಂಶ ಮತ್ತು ಮೊತ್ತ 70ನೆಯ ಸಾಲಿನವೇ ಆಗಿದ್ದವು. ಗಡಿಯಾರದಲ್ಲಿ ಎಂದೂ ದಾಖಲಾಗದ ಈ ಸಮಯ ಎಲ್ಲಿಂದ ಬಂತು ಎಂದು ಹುಡುಕಿದಾಗ ಉಳಿದ ಎರಡು ದೋಷಗಳೂ ಒಟ್ಟಿಗೆ ಹೊರಬಿದ್ದವು.

ಫೈಲನ್ನು ತೆರೆದ ಕರೆಯಲ್ಲಿ ಮೋಡ್ ಬರೀ ಆರ್ (ಓದು) ಎಂದಿತ್ತು, ಆರ್‌ಬಿ (ಬೈನರಿ ಓದು) ಎಂದಿರಲಿಲ್ಲ. ಲಿನಕ್ಸ್‌ನಲ್ಲಿ ಇವೆರಡಕ್ಕೂ ವ್ಯತ್ಯಾಸವಿಲ್ಲ. ವಿಂಡೋಸ್‌ನಲ್ಲಿ ಬರೀ ಆರ್ ಎಂದರೆ ಪಠ್ಯ ಮೋಡ್: ಸಾಲಿನ ಕೊನೆಯನ್ನು ಗುರುತಿಸುವ 13 ಮತ್ತು 10 ಎಂಬ ಜೋಡಿ ಬೈಟುಗಳು ಒಂದೇ 10 ಆಗಿ ಕುಗ್ಗುತ್ತವೆ, 26 ಎಂಬ ಬೈಟ್ ಕಂಡಲ್ಲಿ ಫೈಲ್ ಮುಗಿಯಿತೆಂದು ಲೈಬ್ರರಿ ತೀರ್ಮಾನಿಸುತ್ತದೆ. ಇದು ಡಾಸ್‌ಗೂ ಹಿಂದಿನ ಸಿಪಿ/ಎಂ ಎಂಬ ವ್ಯವಸ್ಥೆಯ ಕಾಲದ ಪಳೆಯುಳಿಕೆ. ಆ ವ್ಯವಸ್ಥೆ ಫೈಲಿನ ಉದ್ದವನ್ನು 128 ಬೈಟುಗಳ ತುಂಡುಗಳಲ್ಲಿ ಮಾತ್ರ ನೆನಪಿಡುತ್ತಿದ್ದುದರಿಂದ, ಪಠ್ಯ ನಿಜವಾಗಿ ಎಲ್ಲಿ ಮುಗಿಯಿತೆಂದು ಹೇಳಲು ಕಂಟ್ರೋಲ್ ಝಡ್, ಅಂದರೆ 26, ಎಂಬ ಗುರುತು ಬೇಕಾಗಿತ್ತು. ಡಾಸ್ ಅದನ್ನು ಮುಂದುವರಿಸಿತು, ವಿಂಡೋಸ್‌ನ ಸಿ ಲೈಬ್ರರಿ ಇಂದಿಗೂ ಪಾಲಿಸುತ್ತಿದೆ.

1991ರ ಮಾರ್ಚ್ 12ರ ಆರಂಭ 66,87,36,000ನೆಯ ಸೆಕೆಂಡು. ಆ ಸಂಖ್ಯೆಯ ನಾಲ್ಕು ಬೈಟುಗಳು 0 26 220 39. ಎರಡನೆಯದೇ 26. ಫೈಲಿನಲ್ಲಿ ಅದರ ಸ್ಥಾನ 1688. ಅದಕ್ಕಿಂತ ಮುಂಚಿನ 1,688 ಬೈಟುಗಳಲ್ಲಿ 70 ಪೂರ್ಣ ದಾಖಲೆಗಳು ಮತ್ತು 8 ಬಿಡಿ ಬೈಟುಗಳು ಸಿಗುತ್ತವೆ. ಆ 8ರಲ್ಲಿ ಸಂಕೇತ, ಎಣಿಕೆ ಮತ್ತು ಸಮಯದ ಮೊದಲ ಬೈಟ್ ಅಡಕವಾಗಿವೆ. ಹಿಂದಿನ ದಿನದ ಸಮಯದ ಮೊದಲ ಬೈಟ್ 128 ಆಗಿತ್ತು. ಅದರ ಮೇಲೆ ಹೊಸದರ 0 ಕೂತಿತು, ಉಳಿದ ಮೂರು ಬೈಟುಗಳು ಹಳೆಯವೇ ಉಳಿದವು. ಮಾರ್ಚ್ 11ರ ಆರಂಭದಿಂದ 128 ಸೆಕೆಂಡು ಹಿಂದಕ್ಕೆ ಹೋದರೆ ಸಿಗುವುದು ಆ ವಿಚಿತ್ರ ಸಮಯ. ಅರ್ಧಕ್ಕೆ ನಿಂತ ಓದಿನ ನಂತರ, ಓದಿದ್ದನ್ನು ಇಡುವ ಬಫರಿನಲ್ಲಿ ಏನಿರುತ್ತದೆ ಎಂಬುದಕ್ಕೆ ಮಾನಕ ಯಾವ ಭರವಸೆಯನ್ನೂ ಕೊಡುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಬೇರೆ ಲೈಬ್ರರಿಯಲ್ಲಿ ಬೇರೆಯದೇ ಕಾಣಬಹುದಿತ್ತು.

ಈ ದಾಖಲೆಗಳಲ್ಲಿ 26 ಅಡಗಿ ಕೂರಬಲ್ಲ ಇನ್ನೊಂದು ಜಾಗವೂ ಇತ್ತು. 38.5 ಎಂಬ ಫ್ಲೋಟ್‌ನ ನಾಲ್ಕು ಬೈಟುಗಳು 0 0 26 66. ವರ್ಷದ ಮೊದಲ ಎಪ್ಪತ್ತು ದಿನಗಳಲ್ಲಿ ಗರಿಷ್ಠ ಉಷ್ಣಾಂಶ ಒಮ್ಮೆ ಅಷ್ಟಕ್ಕೇರಿದ್ದರೂ ಓದು ಅಲ್ಲಿಯೇ ನಿಲ್ಲುತ್ತಿತ್ತು, ಉಪಕರಣವನ್ನು ಅನುಮಾನಿಸುವವರೂ ಹುಟ್ಟಿಕೊಳ್ಳುತ್ತಿದ್ದರು.

ಬರೆದ ಪ್ರೋಗ್ರಾಂ ಫೈಲನ್ನು ಬೈನರಿ ಮೋಡ್‌ನಲ್ಲೇ ತೆರೆದಿತ್ತೇ ಎಂಬ ಪ್ರಶ್ನೆಯೂ ಇದರೊಂದಿಗೆ ಏಳುತ್ತದೆ. ಪಠ್ಯ ಮೋಡ್‌ನಲ್ಲಿ ಬರೆದಿದ್ದರೆ ಪ್ರತಿ 10ರ ಮುಂದೆ ಒಂದು 13 ಸೇರಿಕೊಂಡು ಗಾತ್ರದ ಲೆಕ್ಕ ತಪ್ಪುತ್ತಿತ್ತು. 231ನೆಯ ದಾಖಲೆಯಲ್ಲಿ, 1991ರ ಆಗಸ್ಟ್ 19ರ ಸಮಯದ ಎರಡನೆಯ ಬೈಟ್ 10. ಅದರ ಹಿಂದಿರುವುದು 0 ಮಾತ್ರ, 13 ಇಲ್ಲ. ಬರವಣಿಗೆ ಶುದ್ಧವಾಗಿತ್ತೆಂಬುದಕ್ಕೆ ಇಷ್ಟು ಸಾಕು.

ಹೆಚ್ಚುವರಿ ಸಾಲಿನ ಕಾರಣ ಸರಳ. ಲೂಪ್‌ನ ಷರತ್ತು ಫೈಲ್ ಮುಗಿಯಿತೇ ಎಂದು ಕೇಳುವ ಎಫ್‌ಇಒಎಫ್ ಕರೆಯಾಗಿತ್ತು. ಆ ಕರೆ ಫೈಲ್ ಮುಗಿಯಿತೆಂದು ಹೇಳುವುದು ಒಂದು ಓದು ವಿಫಲವಾದ ಮೇಲೆಯೇ. ಅಷ್ಟರಲ್ಲಿ ವಿಫಲ ಓದಿನ ಬಫರ್ ಮುದ್ರಣವಾಗಿ ಹೋಗಿರುತ್ತದೆ. ಓದುವ ಕರೆಯಾದ ಎಫ್‌ರೀಡ್ ಹಿಂದಿರುಗಿಸುವ, ಎಷ್ಟು ದಾಖಲೆ ಓದಿತೆಂಬ ಸಂಖ್ಯೆಯನ್ನೇ ಲೂಪ್‌ನ ಷರತ್ತಾಗಿಸಿ, ಮೋಡನ್ನು ಆರ್‌ಬಿ ಎಂದು ಬದಲಿಸಿದ ಮೇಲೆ ಎರಡೂ ವೇದಿಕೆಗಳಲ್ಲಿ 1,826 ಸಾಲುಗಳು ಬಂದವು.

ಪ್ಯಾಕ್ ಮಾಡಿದ ಸ್ಟ್ರಕ್ಚರನ್ನು ಕೈಬಿಟ್ಟದ್ದು

ಒಂದೇ ಬಾರಿ ಓದಿ ಪರಿವರ್ತಿಸಿ ಬಿಡುವ ಕೆಲಸವಾಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಈ ಪ್ರೋಗ್ರಾಂ ಉಳಿಯಬೇಕಾಗಿತ್ತು, ಮುಂದೆ ಬೇರೆ ಪ್ರೊಸೆಸರ್‌ಗಳ ಮೇಲೂ ಓಡಬೇಕಾಗಿತ್ತು. ಪ್ಯಾಕ್ ಮಾಡಿದ ಸ್ಟ್ರಕ್ಚರ್‌ನಲ್ಲಿ ಡಬಲ್ ಅಂಶ 15ನೆಯ ಬೈಟಿನಲ್ಲಿ ಕೂರುತ್ತದೆ. ಅದರ ವಿಳಾಸವನ್ನು ಡಬಲ್ ಅಂಶವನ್ನು ತೋರುವ ಸಾಮಾನ್ಯ ಪಾಯಿಂಟರ್ ಎಂದು ಇನ್ನೊಂದು ಫಂಕ್ಷನ್‌ಗೆ ಕಳಿಸುವ ಸಾಲೊಂದು ಕೋಡ್‌ನಲ್ಲಿತ್ತು. ಇಂಟೆಲ್ ಪ್ರೊಸೆಸರ್‌ಗಳು ಇದನ್ನು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತವೆ. ಹೊಂದಿಕೆಯಿಲ್ಲದ ವಿಳಾಸವನ್ನು ಒಪ್ಪದ ಪ್ರೊಸೆಸರ್‌ಗಳಲ್ಲಿ ಪ್ರೋಗ್ರಾಂ ಅಲ್ಲಿಯೇ ಬೀಳಬಹುದು. ಜಿಸಿಸಿಯ 9ನೆಯ ಆವೃತ್ತಿಯಿಂದ ಇದಕ್ಕೆ ಎಚ್ಚರಿಕೆ ಸಿಗುತ್ತದೆ.

ಆದ್ದರಿಂದ ದಾಖಲೆಯನ್ನು 24 ಅನ್‌ಸೈನ್ಡ್ (ಚಿಹ್ನೆಯಿಲ್ಲದ) ಚಾರ್‌ಗಳ ಬಫರಿಗೆ ಓದಿ, ಪ್ರತಿ ಅಂಶವನ್ನೂ ಬೈಟುಗಳಿಂದ ಕಟ್ಟುವ ಫಂಕ್ಷನ್‌ಗಳನ್ನು ಬರೆಯಲಾಯಿತು. ಸಮಯಕ್ಕೆ 7ನೆಯ ಬೈಟ್, 8 ಬಿಟ್ ಎಡಕ್ಕೆ ಸರಿಸಿದ 8ನೆಯದು, 16 ಬಿಟ್ ಸರಿಸಿದ 9ನೆಯದು, 24 ಬಿಟ್ ಸರಿಸಿದ 10ನೆಯದು. ಸರಿಸುವ ಮೊದಲೇ ಪ್ರತಿಯೊಂದನ್ನೂ 32 ಬಿಟ್‌ಗಳ ಅನ್‌ಸೈನ್ಡ್ ಪ್ರಕಾರಕ್ಕೆ ಬದಲಿಸಬೇಕು, ಇಲ್ಲವಾದರೆ 127ಕ್ಕಿಂತ ದೊಡ್ಡ ಬೈಟೊಂದು ಮೇಲಿನ ಸ್ಥಾನಕ್ಕೆ ಬಂದ ದಿನ ಇಂಟ್‌ನ ಮಿತಿ ಮೀರುತ್ತದೆ. ಫ್ಲೋಟ್ ಮತ್ತು ಡಬಲ್‌ಗಳನ್ನು ಅದೇ ಗಾತ್ರದ ಪೂರ್ಣಾಂಕವಾಗಿ ಕಟ್ಟಿ, ಬೈಟುಗಳನ್ನು ಇದ್ದಂತೆಯೇ ನಕಲಿಸುವ ಮೆಮ್‌ಕಾಪಿಯಿಂದ ವರ್ಗಾಯಿಸಲಾಯಿತು. ಟರ್ಬೊ ಸಿ ಕೂಡ ದಶಾಂಶ ಸಂಖ್ಯೆಗಳಿಗೆ 1985ರ ಐಇಇಇ 754 ಮಾನಕದ ರೂಪವನ್ನೇ ಬಳಸುತ್ತಿದ್ದುದರಿಂದ ಇದು ಸಾಕಾಯಿತು. ಫೈಲ್ ಟರ್ಬೊ ಪ್ಯಾಸ್ಕಲ್‌ನ 6 ಬೈಟುಗಳ ರಿಯಲ್ ಸಂಖ್ಯೆಗಳನ್ನು ಹೊಂದಿದ್ದರೆ ಪರಿವರ್ತನೆಗೆ ಪ್ರತ್ಯೇಕ ಲೆಕ್ಕವೇ ಬೇಕಾಗುತ್ತಿತ್ತು. ಹೀಗೆ ಓದಿದಾಗ ಪ್ಯಾಡಿಂಗ್, ಲಾಂಗ್‌ನ ಗಾತ್ರ, ಯಂತ್ರದ ಬೈಟ್ ಕ್ರಮ ಈ ಮೂರೂ ಪ್ರಶ್ನೆಗಳು ಒಮ್ಮೆಗೇ ಅಪ್ರಸ್ತುತವಾಗುತ್ತವೆ.

ಈ ಬದಲಾವಣೆಯಲ್ಲಿ ಒಂದು ಸೂಕ್ಷ್ಮ ಮಾತ್ರ ಕಾಡಿತು. ಉಪಕರಣ ಕೆಲಸ ಮಾಡದ ದಿನಗಳಲ್ಲಿ ಹಳೆಯ ಪ್ರೋಗ್ರಾಂ ಎಣಿಕೆಗೆ ಮೈನಸ್ 1 ಎಂದು ಬರೆದಿತ್ತು, ಅಂದರೆ 255 255. ಬೈಟುಗಳಿಂದ ಕಟ್ಟಿದಾಗ ಅದು 65535 ಆಯಿತು, ಸರಾಸರಿಯ ಲೆಕ್ಕದಲ್ಲಿ ಆ ದಿನಗಳು ಸೊನ್ನೆಗೆ ಹತ್ತಿರವಾದವು. ಎಣಿಕೆಯನ್ನು 16 ಬಿಟ್‌ಗಳ ಚಿಹ್ನೆಸಹಿತ ಪ್ರಕಾರಕ್ಕೆ ಬದಲಿಸಿ, ಋಣ ಎಣಿಕೆಯ ದಿನಗಳನ್ನು ಸರಾಸರಿಯಿಂದ ಹೊರಗಿಡಲಾಯಿತು.

ಪರೀಕ್ಷೆಗೆ ದತ್ತಾಂಶದೊಳಗಿನ ಸಂಬಂಧಗಳನ್ನೇ ಬಳಸಲಾಯಿತು: ಗಾತ್ರ 24ರಿಂದ ಭಾಗವಾಗಬೇಕು, ಅಕ್ಕಪಕ್ಕದ ದಾಖಲೆಗಳ ನಡುವೆ 86,400 ಸೆಕೆಂಡುಗಳೇ ಇರಬೇಕು, ಮೊತ್ತವನ್ನು ಎಣಿಕೆಯಿಂದ ಭಾಗಿಸಿದರೆ ಗರಿಷ್ಠವನ್ನು ಮೀರಬಾರದು. ಎರಡೂ ಕಂಪೈಲರ್‌ಗಳ ಫಲಿತಾಂಶಗಳನ್ನು ಪಠ್ಯವಾಗಿ ಬರೆದು ಹೋಲಿಸಿದಾಗ ಸಾಲಿನ ಕೊನೆಯ ಗುರುತನ್ನು ಬಿಟ್ಟರೆ ಒಂದಕ್ಷರದ ವ್ಯತ್ಯಾಸವೂ ಇರಲಿಲ್ಲ. ಕೊನೆಯ ದಾಖಲೆಯ ಸಮಯ 82,03,68,000 ಎಂದು ಬಂತು, ಅಂದರೆ 1995ರ ಡಿಸೆಂಬರ್ 31.